ಡಬ್ಬಿ ಮೇಲೆ 18, ಹುಡುಗನಿಗೆ 13: ಗೇಮ್ ಮಾರಾಟದ ಬಗ್ಗೆ ಲಾಯರ್ ಮೇಡಂಗೆ ಹಾಸನದವರ ಪ್ರಶ್ನೆಗಳು

ಅಡ್ಮಿನ್: ಕಳೆದ ವಾರ ಗುಂಪಿನಲ್ಲಿ ಹಾಕಿದ ಒಂದು ಗೇಮ್ ಡಿಸ್ಕಿನ ಫೋಟೋಗೆ ದೊಡ್ಡ ಜಗಳವೇ ಆಯಿತು. 'ಅಂಗಡಿ ಮುಚ್ಚಿಸಿ' ಅಂತ ಅರ್ಧ ಜನ, 'ನಿಮ್ಮ ಮಕ್ಕಳನ್ನು ನೀವು ನೋಡಿಕೊಳ್ಳಿ' ಅಂತ ಇನ್ನರ್ಧ ಜನ. ಸುಮ್ನೆ ಕೂಗಾಡುವುದು ಬೇಡ ಅಂತ, ಹಾಸನದ ಕೋರ್ಟಿನಲ್ಲೇ ವಕೀಲಿಕೆ ಮಾಡುವ ನಮ್ಮ ಗುಂಪಿನ ಸದಸ್ಯೆಯನ್ನು ಕೇಳಿಕೊಂಡೆವು. ಇವತ್ತು ಅವರು ಉತ್ತರ ಕೊಡುತ್ತಾರೆ. ಅಂಗಡಿ, ಶಾಲೆ, ಮಕ್ಕಳ ಹೆಸರು ಯಾರೂ ಬರೆಯಬೇಡಿ.

ಪ್ರಶ್ನೆ (ಕುವೆಂಪು ನಗರದ ಒಬ್ಬ ತಾಯಿ): ಮೇಡಂ, ಆ ಫೋಟೋ ಹಾಕಿದ್ದು ನಾನೇ. ನನ್ನ ಮಗನಿಗೆ 13 ವರ್ಷ. ಹಾಸನಾಂಬೆ ದರ್ಶನಕ್ಕೆ ಬಂದಿದ್ದ ನೆಂಟರು ಹೋಗುವಾಗ ಅವನ ಕೈಗೆ ದುಡ್ಡಿಟ್ಟು ಹೋಗಿದ್ದರು. ಅದನ್ನೆಲ್ಲ ಕೂಡಿಸಿಕೊಂಡು ಪೇಟೆಗೆ ಹೋಗಿ ಜಿಟಿಎ 5 ಅನ್ನುವ ಗೇಮಿನ ಡಿಸ್ಕ್ ತಂದಿದ್ದಾನೆ. ಡಬ್ಬಿ ಮೇಲೆ ಕೆಂಪು ಚೌಕದಲ್ಲಿ 18 ಅಂತ ಎದ್ದು ಕಾಣುತ್ತೆ. ಅಂಗಡಿಯವರು ವಯಸ್ಸು ಕೇಳಿಲ್ಲ, ಮನೆಯಲ್ಲಿ ಹೇಳಿ ಬಂದಿದ್ದೀಯಾ ಅಂತಲೂ ಕೇಳಿಲ್ಲ. ನಾನು ಹೋಗಿ ವಿಚಾರಿಸಿದರೆ 'ಅದಕ್ಕೆ ಕಾನೂನೇ ಇಲ್ಲ' ಅಂದುಬಿಟ್ಟರು. ಪೊಲೀಸರಿಗೆ ದೂರು ಕೊಡಬಹುದಾ?

ಉತ್ತರ: ಅಂಗಡಿಯವರು ಹೇಳಿದ ರೀತಿ ಸರಿ ಇಲ್ಲದಿರಬಹುದು. ಹೇಳಿದ ಮಾತು ಮಾತ್ರ ಹೆಚ್ಚುಕಡಿಮೆ ನಿಜ.

ಸಿನಿಮಾದಿಂದ ಶುರು ಮಾಡೋಣ, ಆಗ ಬೇಗ ಅರ್ಥವಾಗುತ್ತೆ. ಸಿನಿಮಾಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಇದೆ, ಸೆನ್ಸಾರ್ ಮಂಡಳಿ ಇದೆ. 'ಎ' ಸರ್ಟಿಫಿಕೇಟ್ ಚಿತ್ರಕ್ಕೆ 18 ತುಂಬದವರನ್ನು ಥಿಯೇಟರಿನವರು ಒಳಗೆ ಬಿಡುವ ಹಾಗಿಲ್ಲ. 2023ರ ತಿದ್ದುಪಡಿಯಲ್ಲಿ 'ಯುಎ' ಅನ್ನೋದನ್ನೂ 7, 13, 16 ಅಂತ ಮೂರು ಭಾಗ ಮಾಡಿದರು. ಒಟಿಟಿಯಲ್ಲಿ ಬರುವ ಸರಣಿಗಳಿಗೂ 2021ರ ನಿಯಮಗಳ ಪ್ರಕಾರ ವಯಸ್ಸಿನ ಗುರುತು ಹಾಕಬೇಕು. ಆದರೆ ಅಂಗಡಿಯಲ್ಲಿ ಮಾರುವ ಗೇಮ್ ಡಿಸ್ಕನ್ನು ನೋಡಿ, 'ಇದು ಇಷ್ಟು ವಯಸ್ಸಿನವರಿಗೆ' ಅಂತ ಹೇಳುವ ಸರ್ಕಾರಿ ಮಂಡಳಿ ನಮ್ಮಲ್ಲಿ ಇಲ್ಲ.

ಹಾಗಾದರೆ ಆ 18 ಎಲ್ಲಿಂದ ಬಂತು? ಅದು ಯುರೋಪಿನ ಪೆಗಿ ಅನ್ನುವ ವ್ಯವಸ್ಥೆಯದು. 2003ರಲ್ಲಿ ಶುರುವಾಯಿತು. 3, 7, 12, 16, 18 ಅಂತ ಐದು ಮೆಟ್ಟಿಲು. ಕೆಲವು ಡಬ್ಬಿಗಳ ಮೇಲೆ ಕಪ್ಪು-ಬಿಳುಪಿನಲ್ಲಿ 'ಎಂ' ಅನ್ನುವ ಇಂಗ್ಲಿಷ್ ಅಕ್ಷರ ಇರುತ್ತೆ. ಅದು ಅಮೆರಿಕದಲ್ಲಿ ಗೇಮ್‌ಗಳಿಗೆ ವಯಸ್ಸಿನ ಗುರುತು ಹಾಕುವ ಇಎಸ್‌ಆರ್‌ಬಿ ಅನ್ನುವ ಸಂಸ್ಥೆಯದು, 17 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಅಂತ. ಡಿಸ್ಕ್ ಹೊರಗಿನಿಂದ ಬರುತ್ತೆ, ಅದರ ಜೊತೆ ಗುರುತೂ ಬರುತ್ತೆ. ಬೇರೆ ದೇಶದ ಸಂಸ್ಥೆ ಹಾಕಿದ ಗುರುತು ಹಾಸನದ ಅಂಗಡಿಯವರಿಗೆ ಕಾನೂನು ಆಗುವುದಿಲ್ಲ. '18ರ ಗೇಮನ್ನು 13ರ ಹುಡುಗನಿಗೆ ಮಾರಿದರು' ಅನ್ನುವುದಷ್ಟೇ ನಿಮ್ಮ ದೂರಾದರೆ, ಎಫ್‌ಐಆರ್‌ನಲ್ಲಿ ಬರೆಯಲು ಸ್ಟೇಷನ್ನಿನವರಿಗೆ ಸೆಕ್ಷನ್ ಸಿಗುವುದಿಲ್ಲ.

ಒಂದು ಸೆಕ್ಷನ್ ಮಾತ್ರ ಹತ್ತಿರ ಬರುತ್ತೆ. ಭಾರತೀಯ ನ್ಯಾಯ ಸಂಹಿತೆಯ 295. ಅಶ್ಲೀಲ ವಸ್ತುವನ್ನು ಮಕ್ಕಳಿಗೆ ಮಾರಿದರೆ, ಬಾಡಿಗೆಗೆ ಕೊಟ್ಟರೆ, ತೋರಿಸಿದರೆ ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು ಮತ್ತು 2,000 ರೂಪಾಯಿವರೆಗೆ ದಂಡ. ಮತ್ತೆ ಮಾಡಿ ಸಿಕ್ಕಿಬಿದ್ದರೆ 7 ವರ್ಷದವರೆಗೆ. ಹಳೆಯ ಐಪಿಸಿಯ 293ರಲ್ಲೂ ಇದೇ ಇತ್ತು, ಅಲ್ಲಿ 20 ವರ್ಷದೊಳಗಿನವರು ಅಂತ ಇತ್ತು. ಈಗ ಮಗು ಅಂದರೆ 18ರೊಳಗಿನವರು. ಆದರೆ ಇಲ್ಲಿ ಮಾತು 'ಅಶ್ಲೀಲ' ಅನ್ನುವುದರ ಮೇಲೆ ನಿಂತಿದೆ. ಗುಂಡು ಹಾರಿಸೋದು, ಕಾರು ಕದಿಯೋದು, ರಕ್ತ ಚೆಲ್ಲೋದು ಕಾನೂನಿನ ಕಣ್ಣಿನಲ್ಲಿ ಅಶ್ಲೀಲ ಅಲ್ಲ. ಅಶ್ಲೀಲ ಹೌದೋ ಅಲ್ಲವೋ ಅಂತ ನೋಡುವಾಗ ಯಾವುದೋ ಒಂದು ತುಣುಕನ್ನು ಕಿತ್ತು ನೋಡಬಾರದು, ಇವತ್ತಿನ ಸಮಾಜದ ಮಟ್ಟ ಇಟ್ಟುಕೊಂಡು ಇಡೀ ಕೃತಿಯನ್ನು ನೋಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ನಿಮ್ಮ ಕೇಸಿನಲ್ಲಿ ಈ ಸೆಕ್ಷನ್ ಹಿಡಿದು ಸ್ಟೇಷನ್ ಮೆಟ್ಟಿಲು ಹತ್ತಿ ಅಂತ ನಾನಂತೂ ಹೇಳುವುದಿಲ್ಲ. ವರ್ಷಗಟ್ಟಲೆ ಅಲೆಯುತ್ತೀರಿ. ನಡುವೆ ಹುಡುಗನನ್ನು ಕರೆಸಿ ಹೇಳಿಕೆ ತಗೊಳ್ಳುತ್ತಾರೆ. ಅದು ಬೇಕಾ?

ಅದೇ ತಾಯಿ: ಹಾಗಾದ್ರೆ ದುಡ್ಡಾದರೂ ವಾಪಸ್ ಕೇಳಬಹುದಾ? ಡಬ್ಬಿ ಒಡೆದಿದ್ದಾನೆ.

ಉತ್ತರ: ಕೇಳಬಹುದು. ಕೊಡಲೇಬೇಕು ಅಂತ ಖಡಾಖಂಡಿತವಾಗಿ ಹೇಳಲಾರೆ. 1872ರ ಕರಾರು ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ 18 ತುಂಬದವರು ಕರಾರು ಮಾಡಿಕೊಳ್ಳುವ ಹಾಗಿಲ್ಲ. ಮಾಡಿಕೊಂಡರೂ ಅದು ಮೊದಲಿನಿಂದಲೇ ಊರ್ಜಿತವಲ್ಲ ಅಂತ 1903ರಲ್ಲೇ, ಬ್ರಿಟಿಷರ ಕಾಲದಲ್ಲಿ ಕೊನೆಯ ಮೇಲ್ಮನವಿ ಕೋರ್ಟ್ ಆಗಿದ್ದ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿದೆ. ಮೋಹರಿ ಬೀಬಿ ಕೇಸು ಅಂತ, ಲಾ ಕಾಲೇಜಿಗೆ ಕಾಲಿಟ್ಟವರೆಲ್ಲ ಮೊದಲು ಓದೋದೇ ಅದನ್ನು. ಮೈನರ್ ಹುಡುಗನೊಬ್ಬ ಮನೆ ಅಡವಿಟ್ಟು ಸಾಲ ಮಾಡಿದ್ದ. ಸಾಲ ಕೊಟ್ಟವನು ಅಡಮಾನವನ್ನೂ ಕಳೆದುಕೊಂಡ, ದುಡ್ಡನ್ನೂ ಕಳೆದುಕೊಂಡ. ಅಂಗಡಿಯವರು ನಿಮ್ಮ ಮಗನಿಗೆ ಸಾಲದ ಮೇಲೆ ಡಿಸ್ಕ್ ಕೊಟ್ಟಿದ್ದರೆ ಒಂದು ಪೈಸೆಯನ್ನೂ ಕೋರ್ಟಿನಲ್ಲಿ ವಸೂಲಿ ಮಾಡೋಕೆ ಆಗುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ದುಡ್ಡು ಕೊಟ್ಟಾಯಿತು, ಮಾಲು ತಗೊಂಡಾಯಿತು, ಸೀಲ್ ಬೇರೆ ಒಡೆದಾಯಿತು. ಕೋರ್ಟಿಗೆ ಹೋಗುವ ಕೇಸಲ್ಲ ಇದು, ಕೂತು ಮಾತಾಡಿ ಮುಗಿಸುವ ಕೇಸು. ಬಿಲ್ಲು ಹಿಡಿದು ಹೋಗಿ, ಬೇರೆ ಗೇಮಿಗೆ ಬದಲಾಯಿಸಿ ಕೊಡಿ ಅನ್ನಿ. ಬೆಲೆಯಲ್ಲಿ ಸ್ವಲ್ಪ ಕಡಿಮೆ ಮಾಡಿಕೊಂಡಾದರೂ ಬಹಳಷ್ಟು ಅಂಗಡಿಯವರು ಒಪ್ಪುತ್ತಾರೆ. ಹಳೆಯ ಡಿಸ್ಕಿಗೆ ಗಿರಾಕಿ ಇದ್ದೇ ಇರುತ್ತಾರೆ.

ಬಿಲ್ಲೇ ಕೊಟ್ಟಿಲ್ಲ ಅಂದರೆ ಅದು ಬೇರೆ ಮಾತು. ಬಿಲ್ ಕೊಡದಿರುವುದು 2019ರ ಗ್ರಾಹಕ ರಕ್ಷಣೆ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು.

ಪ್ರಶ್ನೆ (ಬಿ.ಎಂ. ರಸ್ತೆಯಲ್ಲಿ ಅಂಗಡಿ ಇಟ್ಟವರು): ಮೇಡಂ, ಇದು ನನ್ನ ಅಂಗಡಿಯ ಕಥೆ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಆದರೆ ನಾನೂ ಮೊಬೈಲ್ ಜೊತೆ ಗೇಮ್ ಮಾರುತ್ತೇನೆ. ನಿಜ ಹೇಳಬೇಕು ಅಂದ್ರೆ ಗಿರಾಕಿಗಳಿಗೆ ಆ ನಂಬರು ಏನು ಅಂತಲೇ ಗೊತ್ತಿಲ್ಲ. ಮೊನ್ನೆ ಒಬ್ಬರು ಫುಟ್‌ಬಾಲ್ ಗೇಮಿನ ಮೇಲಿನ 3 ತೋರಿಸಿ 'ಮೂರು ಜನ ಆಡಬಹುದಾ' ಅಂದರು. 18 ಅಂದರೆ ಹದಿನೆಂಟು ಲೆವೆಲ್ ಅಂದುಕೊಂಡವರೂ ಇದ್ದಾರೆ. ಹುಡುಗರಿಗೆ ಕೊಡಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗ್ತಾರೆ, ಇಲ್ಲಾ ಆನ್‌ಲೈನಲ್ಲಿ ತರಿಸ್ತಾರೆ. ಕೊಡಲ್ಲ ಅನ್ನುವ ಹಕ್ಕು ನನಗೆ ಇದೆಯಾ? ಆಧಾರ್ ಕೇಳಬಹುದಾ? ಅಪ್ಪನೇ ಜೊತೆಗೆ ಬಂದು 'ಕೊಡಿ ಪರವಾಗಿಲ್ಲ' ಅಂದರೆ ಏನು ಮಾಡಲಿ?

ಉತ್ತರ: ಮೂರು ಪ್ರಶ್ನೆಗೂ ಉತ್ತರ ಇದೆ, ಜೊತೆಗೆ ನೀವು ಕೇಳದೇ ಇರೋದನ್ನೂ ಸ್ವಲ್ಪ ಹೇಳ್ತೀನಿ.

ಕೊಡಲ್ಲ ಅನ್ನುವ ಹಕ್ಕು ಖಂಡಿತ ಇದೆ. ಸಾಮಾನು ಶೆಲ್ಫಿನಲ್ಲಿ ಇಟ್ಟ ಮಾತ್ರಕ್ಕೆ ಬಂದವರಿಗೆಲ್ಲ ಮಾರಲೇಬೇಕು ಅಂತ ಕರಾರು ಕಾನೂನು ಹೇಳುವುದಿಲ್ಲ. ಗಿರಾಕಿ ಕೇಳುತ್ತಾರೆ, ನೀವು ಒಪ್ಪಿದರೆ ವ್ಯಾಪಾರ. ಜಾತಿ ನೋಡಿ, ಧರ್ಮ ನೋಡಿ ಕೊಡಲ್ಲ ಅನ್ನುವ ಹಾಗಿಲ್ಲ. ವಯಸ್ಸು ನೋಡಿ ಅನ್ನಬಹುದು.

ಆಧಾರ್ ಜೆರಾಕ್ಸ್ ತೆಗೆದಿಟ್ಟುಕೊಳ್ಳಬೇಡಿ. ಮಕ್ಕಳ ದಾಖಲೆ ಇಟ್ಟುಕೊಳ್ಳುವುದು ನಿಮಗೇ ತಲೆನೋವು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18ರೊಳಗಿನವರ ಮಾಹಿತಿಗೆ ಅಪ್ಪ-ಅಮ್ಮನ ಒಪ್ಪಿಗೆ ಬೇಕು ಅಂತ ಇದೆ. ಕಾಲೇಜ್ ಐಡಿ, ಡಿಎಲ್ ಯಾವುದಾದರೂ ಒಂದು ತೋರಿಸಿದರೆ ನೋಡಿ ವಾಪಸ್ ಕೊಡಿ, ಸಾಕು. ಮುಖ ನೋಡಿದರೇ ಗೊತ್ತಾಗುವ ಹುಡುಗರಿಗೆ ಅದೂ ಬೇಡ.

ಅಪ್ಪ ಬಂದು ತಗೊಂಡರೆ ಕೊಡಿ. ಅದು ಅವರ ಮನೆ ವಿಚಾರ. ಆದರೆ ಡಬ್ಬಿಯನ್ನು ಒಂದು ಸಲ ಅವರ ಮುಂದೆ ತಿರುಗಿಸಿ ಹಿಡಿಯಿರಿ. ಪೆಗಿ ಡಬ್ಬಿಯಾದರೆ ಮುಂದುಗಡೆ ನಂಬರಿನ ಬಣ್ಣವೇ ಅರ್ಧ ಹೇಳುತ್ತೆ: 3 ಮತ್ತು 7 ಹಸಿರು, 12 ಮತ್ತು 16 ಕಿತ್ತಳೆ, 18 ಕೆಂಪು. ಹಿಂದುಗಡೆ ಸಣ್ಣ ಚಿತ್ರಗಳಿರುತ್ತವೆ. ಮುಷ್ಟಿ ಇದ್ದರೆ ಹೊಡೆದಾಟ. ಜೇಡ ಇದ್ದರೆ ಹೆದರಿಕೆ ಹುಟ್ಟಿಸುವಂಥದ್ದು. ಸಿರಿಂಜ್ ಇದ್ದರೆ ಅಮಲು ಪದಾರ್ಥ. ದಾಳ ಇದ್ದರೆ ಜೂಜು. ಮಾತಿನ ಗುಳ್ಳೆಯಲ್ಲಿ ಗೀಚುಗೀಚು ಚಿಹ್ನೆ ಇದ್ದರೆ ಕೆಟ್ಟ ಬೈಗುಳ. ಇಂಗ್ಲಿಷ್ ಬರದವರಿಗೂ ಅರ್ಧ ನಿಮಿಷದಲ್ಲಿ ಅರ್ಥವಾಗುತ್ತೆ. ಇದನ್ನು ಒಂದು ಸಲ ನೋಡಿದ ಅಪ್ಪಂದಿರಲ್ಲಿ ಕೆಲವರಾದರೂ 'ಬೇರೆ ತೋರಿಸಿ' ಅಂತಾರೆ.

ಪಕ್ಕದ ಅಂಗಡಿಗೆ ಹೋಗ್ತಾರೆ ಅಂದಿರಿ. ಹೋಗ್ತಾರೆ. ಆದರೆ ಅಂಗಡಿಯವರು ಸ್ವಂತ ಮನಸ್ಸಿನಿಂದ ಮಾಡಿದರೆ ಪ್ರಯೋಜನ ಇಲ್ಲ ಅಂತ ತಿಳಿಯಬೇಡಿ. ಅಮೆರಿಕದಲ್ಲಿ ಗೇಮ್ ಮಾರಾಟಕ್ಕೆ ಶಿಕ್ಷೆ ಕೊಡುವ ಕಾನೂನು ಇಲ್ಲ. ಅಲ್ಲಿನ ವ್ಯಾಪಾರ ಆಯೋಗ ಹದಿಹರೆಯದ ಮಕ್ಕಳನ್ನೇ ಒಬ್ಬೊಬ್ಬರನ್ನಾಗಿ ಅಂಗಡಿಗಳಿಗೆ ಕಳಿಸಿ ಪರೀಕ್ಷೆ ಮಾಡಿತ್ತು. 2000ದಲ್ಲಿ ಹೋದ ಮಕ್ಕಳಲ್ಲಿ ನೂರಕ್ಕೆ 85 ಜನಕ್ಕೆ 'ಎಂ' ಗೇಮ್ ಸಿಕ್ಕಿತ್ತು. 2013ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಅದು ನೂರಕ್ಕೆ 13ಕ್ಕೆ ಇಳಿದಿತ್ತು. ಪೊಲೀಸರಿಂದ ಆಗಿದ್ದಲ್ಲ ಅದು. ದೊಡ್ಡ ಅಂಗಡಿಗಳು ಕೆಲಸದವರಿಗೆ ಹೇಳಿಕೊಟ್ಟವು, ಬಿಲ್ಲಿಂಗ್ ಯಂತ್ರದಲ್ಲೇ ವಯಸ್ಸು ಕೇಳುವ ಹಾಗೆ ಮಾಡಿದವು, ಅಷ್ಟೇ. ಬಿ.ಎಂ. ರಸ್ತೆಯಲ್ಲಿ ಗೇಮ್ ಮಾರುವ ಅಂಗಡಿಗಳು ಎಷ್ಟಿವೆ? ಎಲ್ಲರೂ ಒಂದು ಸಂಜೆ ಕೂತು ಮಾತಾಡಿದರೆ ಮುಗಿಯುವ ಕೆಲಸ.

ಬೋರ್ಡ್ ಹಾಕುವುದಾದರೆ ಹೀಗೆ ಹಾಕಿ: '18 ಅಥವಾ ಎಂ ಗುರುತಿನ ಗೇಮ್‌ಗಳನ್ನು 18 ತುಂಬದವರಿಗೆ ಕೊಡುವುದಿಲ್ಲ. ಮನೆಯ ದೊಡ್ಡವರ ಜೊತೆ ಬನ್ನಿ. ವಯಸ್ಸು ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.' 'ಸರ್ಕಾರದ ಆದೇಶದಂತೆ' ಅಂತ ಮಾತ್ರ ಸೇರಿಸಬೇಡಿ, ಅಂಥ ಆದೇಶ ಇಲ್ಲ. ಬೋರ್ಡ್ ಹಾಕಿದ ಮೇಲೆ ಅದರಂತೆ ನಡೆದುಕೊಳ್ಳಿ. ಇಲ್ಲದಿದ್ದರೆ ನಾಳೆ ಗ್ರಾಹಕರ ಆಯೋಗದಲ್ಲಿ ನಿಮ್ಮ ಬೋರ್ಡೇ ನಿಮ್ಮ ವಿರುದ್ಧ ಸಾಕ್ಷಿ ಆಗಬಹುದು.

ಇನ್ನು ನೀವು ಕೇಳದ್ದು. ಕಾಪಿ ಮಾಡಿದ ಡಿಸ್ಕ್, ಪೆನ್‌ಡ್ರೈವಿಗೆ ಹಾಕಿಕೊಡುವ ಗೇಮ್ ಇಟ್ಟಿದ್ದರೆ ಇವತ್ತೇ ತೆಗೆಯಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ವಯಸ್ಸಿನ ಗುರುತೂ ಅದರ ಮೇಲೆ ಇರುವುದಿಲ್ಲ ಅಲ್ವಾ? ಹಾಗೇ ಸೆಕೆಂಡ್ ಹ್ಯಾಂಡ್ ಡಿಸ್ಕ್, ಕಂಟ್ರೋಲರ್ ಮಾರೋಕೆ ಹುಡುಗರು ಒಬ್ಬರೇ ಬಂದರೆ ತಗೊಳ್ಳಬೇಡಿ. ಅಣ್ಣನದ್ದು ಎತ್ತಿಕೊಂಡು ಬಂದಿದ್ದಾನೋ, ಗೆಳೆಯನದ್ದೋ ಯಾರಿಗೆ ಗೊತ್ತು. ಕದ್ದ ಮಾಲು ಕೊಂಡ ಕೇಸು ನಿಮ್ಮ ತಲೆಗೆ ಬರುತ್ತೆ.

ಅಂಗಡಿಯವರು: ಬೋರ್ಡ್ ಬರೆಸ್ತೀನಿ ಮೇಡಂ. ಪಕ್ಕದವರಿಗೂ ಈ ಮೆಸೇಜ್ ಕಳಿಸಿದ್ದೀನಿ, ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ಪ್ರಶ್ನೆ (ನಿವೃತ್ತ ಮೇಷ್ಟ್ರು, ಹೊಳೆನರಸೀಪುರ): ಇದೆಲ್ಲ ಅಂಗಡಿಯವರ ಒಳ್ಳೆತನಕ್ಕೆ ಬಿಡುವ ವಿಷಯವೇ? ಬೀಡಿ ಸಿಗರೇಟಿಗೆ ಕಾನೂನು ಇದೆ. ಇದಕ್ಕೂ ಒಂದು ಕಾನೂನು ತಂದು, ಮಾರಿದವನನ್ನು ಒಳಗೆ ಹಾಕಿದರೆ ಎಲ್ಲ ಸರಿಹೋಗುತ್ತದೆ. ಹೊರದೇಶಗಳಲ್ಲಿ ಮಾಡಿಲ್ಲವೇ?

ಉತ್ತರ: ಮೇಷ್ಟ್ರೇ, ನಮಸ್ಕಾರ. ಮಾಡಿದ್ದಾರೆ, ಮಾಡೋಕೆ ಹೋಗಿ ಸೋತೂ ಇದ್ದಾರೆ.

ಬ್ರಿಟನ್ನಿನಲ್ಲಿ 2012ರ ಜುಲೈನಿಂದ ಪೆಗಿ ಗುರುತಿಗೆ ಕಾನೂನಿನ ಬಲ ಇದೆ. 12, 16, 18 ಅಂತ ಇರುವ ಗೇಮನ್ನು ಅದಕ್ಕಿಂತ ಚಿಕ್ಕವರಿಗೆ ಮಾರಿದರೆ ಅಂಗಡಿಯವರಿಗೆ ಜೈಲೂ ಆಗಬಹುದು. ಜರ್ಮನಿಯಲ್ಲಿ 2003ರಿಂದಲೇ ಅವರದ್ದೇ ಗುರುತು, ಅವರದ್ದೇ ಕಾನೂನು. ಆಸ್ಟ್ರೇಲಿಯಾದ್ದು ಇನ್ನೊಂದು ತಮಾಷೆ. ಅಲ್ಲಿ ಬಹಳ ಕಾಲ ಗೇಮಿಗೆ 18ರ ವರ್ಗವೇ ಇರಲಿಲ್ಲ. ಅಷ್ಟು ಖಾರದ ಗೇಮ್ ಬಂದರೆ ದೊಡ್ಡವರೂ ಕೊಳ್ಳುವ ಹಾಗಿರಲಿಲ್ಲ. 2013ರ ಜನವರಿಯಲ್ಲಿ ಆ ವರ್ಗ ತಂದರು.

ಅಮೆರಿಕದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ, ನಿಮ್ಮ ಮಾತಿಗೆ ಅದೇ ಹತ್ತಿರ. 1993ರಲ್ಲಿ ಮಾರ್ಟಲ್ ಕಾಂಬ್ಯಾಟ್ ಅನ್ನುವ ಹೊಡೆದಾಟದ ಗೇಮ್ ನೋಡಿ ಅಲ್ಲಿನ ಸೆನೆಟ್ ಸದಸ್ಯರು ವಿಚಾರಣೆ ಇಟ್ಟರು. ಸೋತವನ ಬೆನ್ನುಮೂಳೆ ಕಿತ್ತು ತೋರಿಸುವ ಗೇಮ್ ಅದು. ಸರ್ಕಾರ ಕಾನೂನು ತರುವ ಮೊದಲೇ ನಾವೇ ಗುರುತು ಹಾಕಿಕೊಳ್ತೀವಿ ಅಂತ ಕಂಪನಿಗಳು 1994ರಲ್ಲಿ ಇಎಸ್‌ಆರ್‌ಬಿ ಕಟ್ಟಿಕೊಂಡವು. ಅದು ಸಾಲದು ಅಂತ 2005ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ತಂತು: ಹಿಂಸೆಯ ಗೇಮನ್ನು 18ರೊಳಗಿನವರಿಗೆ ಮಾರಿದರೆ 1,000 ಡಾಲರ್‌ವರೆಗೆ ದಂಡ. ಅದಕ್ಕೆ ಸಹಿ ಹಾಕಿದ ಗವರ್ನರ್ ಯಾರು ಗೊತ್ತಾ? ಅರ್ನಾಲ್ಡ್ ಶ್ವಾರ್ಜ್‌ನೆಗರ್. ಸಿನಿಮಾದಲ್ಲಿ ಅವರು ಬಂದೂಕು ಹಿಡಿಯದ ದಿನವೇ ಕಡಿಮೆ. 2011ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7-2ರಲ್ಲಿ ಆ ಕಾನೂನನ್ನು ಹೊಡೆದು ಹಾಕಿತು. ಗೇಮ್ ಕೂಡ ಪುಸ್ತಕ, ನಾಟಕದ ಹಾಗೆ ಅಭಿವ್ಯಕ್ತಿಯೇ. ಹಿಂಸೆ ಇದೆ ಅನ್ನುವ ಕಾರಣಕ್ಕೆ ಸರ್ಕಾರ ಅದನ್ನು ಮಕ್ಕಳಿಂದ ಮುಚ್ಚಿಡೋಕೆ ಆಗಲ್ಲ ಅಂದಿತು. ಮಕ್ಕಳಿಗೆ ಹೇಳುವ ಅಜ್ಜಿಕಥೆಗಳಲ್ಲೇ ಬೇಕಾದಷ್ಟು ರಕ್ತ ಇದೆ ಅಂತ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ನೆನಪಿಸಿದರು.

ನಮ್ಮಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ, ಒಪ್ಪುತ್ತೇನೆ. ಸಂವಿಧಾನದ 19(2)ರಲ್ಲಿ ಸಭ್ಯತೆ, ನೈತಿಕತೆಗಾಗಿ ಸಮಂಜಸ ನಿರ್ಬಂಧ ಹಾಕಬಹುದು. ಹಿಂದೆ ಹಾಕಿಯೂ ಇದ್ದಾರೆ. 1956ರಲ್ಲಿ ಎಳೆಯರಿಗೆ ಹಾನಿ ಮಾಡುವ ಪ್ರಕಟಣೆಗಳ ಮೇಲೆ ಒಂದು ಕೇಂದ್ರ ಕಾಯ್ದೆ ಬಂತು. ಅಪರಾಧ, ಕ್ರೌರ್ಯ ತೋರಿಸುವ ಚಿತ್ರಕಥೆ ಪುಸ್ತಕಗಳನ್ನು ಮಾರಿದರೆ 6 ತಿಂಗಳವರೆಗೆ ಜೈಲು ಅಂತ ಅದರಲ್ಲಿದೆ. ಗೇಮ್ ಡಿಸ್ಕನ್ನು ಪುಸ್ತಕ, ಪತ್ರಿಕೆಗಳ ಸಾಲಿಗೆ ಎಳೆದು ತರುವುದು ಕಷ್ಟ. ಹಿಂಸೆಯನ್ನೇ ಮುಖ್ಯವಾಗಿ ಹಿಡಿದು ಬರೆದ ಕಾನೂನು ನಮ್ಮಲ್ಲಿ ಬಂದದ್ದು ಕಾಮಿಕ್ಸ್‌ಗೆ, ಇವತ್ತಿನ ಗೇಮಿಗೆ ಅಲ್ಲ ಅನ್ನುವುದು ವಿಚಿತ್ರವೇ ಸರಿ.

ಆದರೂ 'ಒಳಗೆ ಹಾಕಿ' ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಸಿಗರೇಟನ್ನು ಎತ್ತಿದಿರಿ. 18ರೊಳಗಿನವರಿಗೆ ಮಾರಬಾರದು, ಶಾಲೆಯ 100 ಗಜದೊಳಗೆ ಮಾರಬಾರದು ಅಂತ 2003ರಲ್ಲೇ ಕಾನೂನು ಬಂತು, ಕರ್ನಾಟಕದಲ್ಲಿ 2025ರಲ್ಲಿ ಆ ವಯಸ್ಸನ್ನು 21ಕ್ಕೆ ಏರಿಸಿದ್ದಾರೆ. ನಿಮ್ಮ ಶಾಲೆಯ ಗೇಟಿನಿಂದ 100 ಗಜ ಅಳೆದು ನೋಡಿ, ಎಷ್ಟು ಗೂಡಂಗಡಿ ಸಿಗುತ್ತವೆ? 2019ರಲ್ಲಿ ರಾಜಕೋಟ್ ಪೊಲೀಸರು ಪಬ್‌ಜಿ ನಿಷೇಧಿಸಿದಾಗ ಹಿಡಿದದ್ದು ಯಾರನ್ನು? ಆಡುತ್ತಿದ್ದ ಹುಡುಗರನ್ನು. ಕಾನೂನು ಹರಿತ ಆದಷ್ಟೂ ಮೊದಲು ಗಾಯ ಆಗೋದು ಮಕ್ಕಳಿಗೇ ಅನ್ನುವುದು ನಾನು ಕಂಡದ್ದು. ನಮ್ಮದೇ ಭಾಷೆಯಲ್ಲಿ, ನಮ್ಮದೇ ಗುರುತು ಡಬ್ಬಿ ಮೇಲೆ ಬರಲಿ, ಮಾರುವವರು ಅದನ್ನು ಗಿರಾಕಿಗೆ ತೋರಿಸಲೇಬೇಕು ಅಂತ ಆಗಲಿ. ಅದಕ್ಕೆ ನಾನೂ ಸಹಿ ಹಾಕ್ತೀನಿ.

ಮೇಷ್ಟ್ರು: ಗೂಡಂಗಡಿ ಲೆಕ್ಕ ನನಗೆ ಗೊತ್ತಿದೆ, ಅದಕ್ಕೇ ಸುಮ್ಮನಾಗುತ್ತೇನೆ. ಆದರೂ ಕಾನೂನು ಬೇಕು ಅನ್ನುವುದೇ ನನ್ನ ಮಾತು.

ಪ್ರಶ್ನೆ (ಪಿಯುಸಿ ಹುಡುಗ, ಹಾಸನ): ಆಂಟಿ, ನನಗೆ 16. ಅಮ್ಮನ ಫೋನಿಂದ ಬರೀತಿದ್ದೀನಿ, ಅಮ್ಮಂಗೆ ಗೊತ್ತು. ಡಿಸ್ಕ್ ಯಾರು ತಗೋತಾರೆ ಈಗ? ಎಲ್ಲಾ ಡೌನ್‌ಲೋಡ್. ಇನ್ನೊಂದು, ಫುಟ್‌ಬಾಲ್ ಗೇಮಿಗೆ 3 ಅಂತ ಹಾಕಿರ್ತಾರೆ. ನಮ್ಮ ಕ್ಲಾಸಲ್ಲಿ ಜಾಸ್ತಿ ದುಡ್ಡು ಕಳ್ಕೊಂಡವರು ಅದರಲ್ಲೇ. ಪ್ಲೇಯರ್ ಪ್ಯಾಕ್ ತಗೊಂಡು ಒಳ್ಳೆ ಪ್ಲೇಯರ್ ಬರ್ತಾನೆ ಅಂತ ಕಾಯ್ತಾರೆ. ಇದೆಂಥ ರೇಟಿಂಗ್?

ಉತ್ತರ: ಮರಿ, ಇಲ್ಲಿಯವರೆಗೆ ಬಂದ ಪ್ರಶ್ನೆಗಳಲ್ಲಿ ನಿನ್ನದೇ ಗಟ್ಟಿ. ಆ ನಂಬರು ಹುಟ್ಟಿದ್ದು ತೆರೆಯ ಮೇಲೆ ಏನು ಕಾಣುತ್ತೆ ಅಂತ ಅಳೆಯೋಕೆ. ರಕ್ತ, ಬೈಗುಳ, ಬೆತ್ತಲೆ ಇದೆಯಾ ಅಂತ. ಜೇಬಿನಿಂದ ಎಷ್ಟು ಹೋಗುತ್ತೆ ಅನ್ನುವುದು ಅದರ ಲೆಕ್ಕಕ್ಕೆ ಬಂದಿದ್ದೇ ತಡವಾಗಿ. ಒಳಗೆ ಏನಿದೆ ಅಂತ ಗೊತ್ತಿಲ್ಲದೆ ದುಡ್ಡು ಕೊಟ್ಟು ಪ್ಯಾಕ್ ಕೊಳ್ಳುವ ಆಟ ಇದ್ದರೆ ಅದನ್ನು ಬರೆಯಬೇಕು ಅಂತ ಪೆಗಿ, ಇಎಸ್‌ಆರ್‌ಬಿ ಎರಡೂ 2020ರಲ್ಲಿ ಹೇಳಿದವು. ಬೆಲ್ಜಿಯಂ ದೇಶ 2018ರಲ್ಲೇ ಇದು ಜೂಜು ಅಂದಿತ್ತು.

ಡೌನ್‌ಲೋಡ್ ವಿಚಾರ. ಪ್ಲೇ ಸ್ಟೋರಿನಲ್ಲಿ ಪ್ರತಿ ಗೇಮ್ ಕೆಳಗೆ 3, 7, 12, 16, 18 ಅಂತ ಇರುತ್ತೆ ನೋಡು. ಗೇಮ್ ಮಾಡಿದವರು ಒಂದು ಪ್ರಶ್ನಾವಳಿ ತುಂಬುತ್ತಾರೆ, ಅದರ ಮೇಲೆ ತಾನಾಗಿಯೇ ನಂಬರು ಬೀಳುತ್ತೆ. ಯಾರೋ ಕೂತು ಇಡೀ ಆಟ ಆಡಿ ಹಾಕಿದ್ದಲ್ಲ. ವಯಸ್ಸು ಕೇಳಿದಾಗ ನೀವೆಲ್ಲ ಯಾವ ಹುಟ್ಟಿದ ವರ್ಷ ಒತ್ತುತ್ತೀರಿ ಅಂತಲೂ ನನಗೆ ಗೊತ್ತು.

ಪ್ರಶ್ನೆ (ಸಕಲೇಶಪುರ ಕಡೆಯ ಒಬ್ಬ ಬೆಳೆಗಾರರು): ಮೇಡಂ, ಕಾಫಿ ಕೊಯ್ಲಿನ ಕೂಲಿ ಕೊಡೋಕೆ ಅಂತ ಖಾತೆಯಲ್ಲಿ ದುಡ್ಡು ಇಟ್ಟಿದ್ದೆ. ಮಗ ಒಂದು ಶೂಟಿಂಗ್ ಗೇಮಿನಲ್ಲಿ ಬಂದೂಕಿನ ಬಣ್ಣ ಬದಲಾಯಿಸೋಕೆ ಅಂತ ಸ್ವಲ್ಪ ಸ್ವಲ್ಪವೇ ಖಾಲಿ ಮಾಡಿದ್ದಾನೆ. ನನ್ನ ಯುಪಿಐ ಪಿನ್ ಅವನಿಗೆ ಗೊತ್ತು, ನಾನೇ ಹೇಳಿಕೊಟ್ಟಿದ್ದೆ. ಬ್ಯಾಂಕಿನವರು ಕೈ ತೊಳೆದುಕೊಂಡರು.

ಉತ್ತರ: ಬ್ಯಾಂಕಿನವರ ಮೇಲೆ ಸಿಟ್ಟು ಬರೋದು ಸಹಜ. ಆದರೆ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಲ್ಲೇ ಪಿನ್ ಬೇರೆಯವರಿಗೆ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಖಾತೆದಾರರದ್ದೇ ಅಂತ ಇದೆ. ಅದನ್ನು ಬಿಟ್ಟು ಗೇಮಿನ ಕಡೆಯಿಂದ ಹೋಗಿ. ಗೂಗಲ್ ಪ್ಲೇ ಮೂಲಕ ಕೊಂಡಿದ್ದರೆ 48 ಗಂಟೆಯೊಳಗೆ ಅವರ ವೆಬ್‌ಸೈಟಿನಲ್ಲೇ ರೀಫಂಡ್ ಕೇಳಬಹುದು. ಅದು ದಾಟಿದ್ದರೆ ಗೇಮ್ ಕಂಪನಿಗೆ ಬರೆಯಿರಿ: ಕೊಂಡವನು ಮೈನರ್, ವಯಸ್ಸಿನ ದಾಖಲೆ ಇಲ್ಲಿದೆ, ಕರಾರು ಊರ್ಜಿತವಲ್ಲ, ಹಣ ವಾಪಸ್ ಕೊಡಿ ಅಂತ. ಮೊದಲ ಸಲಕ್ಕೆ ಕೆಲವು ಕಂಪನಿಗಳು ಕೊಡುತ್ತವೆ. ಕೊಡದಿದ್ದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕಂಪನಿ ಎಲ್ಲೇ ಇರಲಿ, ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷದವರೆಗೆ ಶುಲ್ಕ ಇಲ್ಲ.

ಪಿನ್ ಇವತ್ತೇ ಬದಲಾಯಿಸಿ. ಪ್ಲೇ ಸ್ಟೋರಿನ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ.

ಒಂದು ವಿಷಯ ಗುಂಪಿನವರಿಗೆಲ್ಲ. ಬಣ್ಣ ಊಹಿಸು, ದುಡ್ಡು ಡಬಲ್ ಮಾಡು ಅನ್ನುವಂಥ ಆ್ಯಪ್‌ಗಳು ಈ ಲೆಕ್ಕಕ್ಕೆ ಬರಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಹಾಗಾಗಿ ಮಗ ಸಿಕ್ಕಿಹಾಕಿಕೊಳ್ತಾನೆ ಅಂತ ಹೆದರಿ ಮುಚ್ಚಿಡಬೇಡಿ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ (ಚನ್ನರಾಯಪಟ್ಟಣ, ಹೆಸರು ಬೇಡ): ನಮ್ಮ ರಸ್ತೆಯಲ್ಲಿ ಗಂಟೆ ಲೆಕ್ಕದಲ್ಲಿ ಗೇಮ್ ಆಡಿಸುವ ಸೆಂಟರ್ ಇದೆ. ಶಾಲೆ ಬಿಟ್ಟ ತಕ್ಷಣ ಯೂನಿಫಾರ್ಮಲ್ಲೇ ಹುಡುಗರು ನುಗ್ತಾರೆ. ಗಾಜಿಗೆ ಕಪ್ಪು ಹಾಳೆ ಅಂಟಿಸಿದ್ದಾರೆ. ಅಲ್ಲಿಗೂ ಕಾನೂನು ಇಲ್ವಾ?

ಉತ್ತರ: ಇಲ್ಲಿ ಇದೆ. ಮಾರಾಟಕ್ಕಿಂತ ಇಲ್ಲೇ ಹಿಡಿತ ಜಾಸ್ತಿ. ಮೊದಲು ಪುರಸಭೆಯ ಟ್ರೇಡ್ ಲೈಸೆನ್ಸ್ ಇದೆಯಾ, ಯಾವ ವ್ಯಾಪಾರಕ್ಕೆ ಅಂತ ತಗೊಂಡಿದ್ದಾರೆ ಅಂತ ವಿಚಾರಿಸಿ. ಇಂಟರ್ನೆಟ್ ಕೊಡುತ್ತಿದ್ದರೆ 2011ರ ಸೈಬರ್ ಕೆಫೆ ನಿಯಮಗಳು ಅನ್ವಯಿಸುತ್ತವೆ. ಬಂದವರ ಗುರುತಿನ ಚೀಟಿ ನೋಡಬೇಕು, ರಿಜಿಸ್ಟರ್ ಬರೆದು ಒಂದು ವರ್ಷ ಇಟ್ಟಿರಬೇಕು. ಐಡಿ ಇಲ್ಲದ ಮಕ್ಕಳ ಜೊತೆ ದೊಡ್ಡವರು ಇರಬೇಕು. ಪಾರ್ಟಿಶನ್ ಎತ್ತರ ನಾಲ್ಕೂವರೆ ಅಡಿ ದಾಟಬಾರದು, ಅದರೊಳಗೆ ಅಪ್ಪ-ಅಮ್ಮ ಇಲ್ಲದ ಮಕ್ಕಳನ್ನು ಕೂರಿಸಬಾರದು. ಗೆದ್ದವರಿಗೆ ದುಡ್ಡು ಅಂತ ಪಂದ್ಯ ಕಟ್ಟಿಸುತ್ತಿದ್ದರೆ ಅದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಜೂಜಿನ ಸೆಕ್ಷನ್‌ಗಳಿಗೆ ಬರಬಹುದು.

ಸಿಟ್ಟಿನಲ್ಲಿ ಗಾಜು ಒಡೆಯೋಕೆ ಹೋಗಬೇಡಿ. ನಾಲ್ಕೈದು ಮನೆಯವರು ಸೇರಿ ಪುರಸಭೆ ಮುಖ್ಯಾಧಿಕಾರಿಗೆ ಒಂದು ಅರ್ಜಿ, ಸ್ಟೇಷನ್ನಿಗೆ ಅದರದೇ ಒಂದು ಪ್ರತಿ ಕೊಡಿ, ಎರಡು ಕಡೆಯೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಅರ್ಜಿಯಲ್ಲಿ 'ಮಕ್ಕಳು ಹಾಳಾಗುತ್ತಿದ್ದಾರೆ' ಅಂತ ಪುಟಗಟ್ಟಲೆ ಬರೆಯಬೇಡಿ. ಲೈಸೆನ್ಸ್, ರಿಜಿಸ್ಟರ್, ಪಾರ್ಟಿಶನ್ ಪರಿಶೀಲಿಸಿ ಅಂತ ಮೂರು ಸಾಲು ಬರೆಯಿರಿ.

ಕುವೆಂಪು ನಗರದ ತಾಯಿ: ಮೇಡಂ, ಅಂಗಡಿಯವರು ಬದಲಾಯಿಸಿ ಕೊಡ್ತೀನಿ ಅಂದ್ರು. ಆದರೆ ನಮ್ಮ ಮನೆ ಪ್ಲೇಸ್ಟೇಷನ್‌ನಲ್ಲಿ ಇನ್ನು ಮುಂದೆ ಹೀಗಾಗದ ಹಾಗೆ ಏನಾದರೂ ಮಾಡೋಕಾಗುತ್ತಾ?

ಉತ್ತರ: ಇದು ವಕೀಲರ ಕೆಲಸ ಅಲ್ಲ, ಆದರೂ ಹೇಳ್ತೀನಿ. ಸೆಟ್ಟಿಂಗ್‌ನಲ್ಲಿ ಫ್ಯಾಮಿಲಿ ಮ್ಯಾನೇಜ್‌ಮೆಂಟ್ ಅಂತ ಇದೆ. ಮಗನಿಗೆ ಮಕ್ಕಳ ಖಾತೆ ಮಾಡಿ, ಹುಟ್ಟಿದ ತಾರೀಖು ನಿಜವಾದದ್ದೇ ಹಾಕಿ, ವಯಸ್ಸಿನ ಮಿತಿ ಇಟ್ಟುಬಿಡಿ. ಆಮೇಲೆ ಡಿಸ್ಕ್ ಹಾಕಿದರೂ ಅವನ ಖಾತೆಯಲ್ಲಿ ಮಿತಿ ಮೀರಿದ ಗೇಮ್ ತೆರೆಯುವುದಿಲ್ಲ. ನಿಮ್ಮ ಖಾತೆಗೆ ಲಾಗಿನ್ ಪಾಸ್‌ಕೋಡ್ ಹಾಕೋದನ್ನು ಮರೆಯಬೇಡಿ. ಇಲ್ಲದಿದ್ದರೆ ಅವನು ನಿಮ್ಮ ಹೆಸರಿನಲ್ಲಿ ಕೂತು ಆಡ್ತಾನೆ.